ಕಾವಲು ದೇವಿಯದು, ಅಂಜಿಕೆ ಮನುಷ್ಯನದು

ಮಾಟ, ಹುಯಿಲು, ಹರಕೆ. ಹೆಸರು ಬೇರೆ ಬೇರೆಯಾದರೂ ಮೂರರ ಬೇರೂ ಮನುಷ್ಯನ ಸಂಕಲ್ಪದಲ್ಲೇ ಇದೆ. ಆ ಸಂಕಲ್ಪ ಎಷ್ಟು ದೂರ ಹೋಗಬಲ್ಲದು? ಎಲ್ಲಿ ನಿಂತುಬಿಡುತ್ತದೆ?

ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗದ ಬೆಟ್ಟ ಹತ್ತುವವರಿಗೆ ಒಂದಾದ ಮೇಲೊಂದು ಕಲ್ಲಿನ ಹೆಬ್ಬಾಗಿಲು ಎದುರಾಗುತ್ತದೆ. ಕೆಳದಿ ಅರಸರ ಈ ಕೋಟೆಯನ್ನು ಬಲಪಡಿಸಿದವನು ಹಿರಿಯ ವೆಂಕಟಪ್ಪ ನಾಯಕ. 'ಕಾವಲು ದುರ್ಗ'ವೇ ಜನರ ಬಾಯಲ್ಲಿ ಸವೆದು 'ಕವಲೇದುರ್ಗ'ವಾಯಿತು ಎನ್ನುವವರಿದ್ದಾರೆ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ಕೆಳದಿಯ ಆಳ್ವಿಕೆ ಮುಗಿಯಿತು. ಕೋಟೆ ಉಳಿಯಿತು, ಕಾವಲುಗಾರರು ಹೋದರು.

ಆದರೆ ಈ ಸೀಮೆಯಲ್ಲಿ ಕಾವಲಿನ ಮಾತು ಮಾತ್ರ ಮುಗಿದಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ಅಡಿಕೆ ತೋಟಗಳ ದಾರಿಯಲ್ಲಿ ಇನ್ನೊಂದು ಬಗೆಯ ಕಾವಲು ಕಣ್ಣಿಗೆ ಬೀಳುತ್ತದೆ. ತೋಟದ ಬೇಲಿಯ ಮೇಲೆ, ಮನೆಯ ಗೇಟಿನಲ್ಲಿ, ಅಂಗಡಿಯ ಗೋಡೆಯಲ್ಲಿ ಒಂದು ಸಣ್ಣ ಬೋರ್ಡು. ಈ ಜಾಗಕ್ಕೆ ಸಿಗಂದೂರು ಚೌಡೇಶ್ವರಿಯ ಕಾವಲಿದೆ ಎಂಬುದು ಅದರ ಒಕ್ಕಣೆ. ಸಿಗಂದೂರು ಇರುವುದು ಸಾಗರ ತಾಲ್ಲೂಕಿನಲ್ಲಿ, ಶರಾವತಿಯ ಹಿನ್ನೀರಿನ ಆಚೆ ದಡದಲ್ಲಿ. ದಶಕಗಳ ಕಾಲ ಭಕ್ತರು ಅಲ್ಲಿಗೆ ಲಾಂಚಿನಲ್ಲಿ ದಾಟಿ ಹೋಗುತ್ತಿದ್ದರು. 2025ರ ಜುಲೈಯಲ್ಲಿ ಅಂಬಾರಗೊಡ್ಲು ಬಳಿಯ ಸೇತುವೆ ತೆರೆಯಿತು. ಕಳ್ಳತನದಿಂದ ಕಾಪಾಡುವ ತಾಯಿ ಎಂದೇ ಈ ದೇವಿಯ ಹೆಸರು ನಾಡಿನಾದ್ಯಂತ ಹರಡಿದೆ.

ಬೋರ್ಡಿಗೆ ಬೀಗವಿಲ್ಲ, ನಾಯಿಯಿಲ್ಲ, ಬಂದೂಕಿಲ್ಲ. ಆದರೂ ಅದನ್ನು ಓದಿದ ಎಷ್ಟೋ ಕೈಗಳು ಅಡಿಕೆ ಗೊನೆಯ ಹತ್ತಿರ ಹೋಗದೆ ಹಿಂದೆ ಸರಿಯುತ್ತವೆ ಎಂದು ಬೆಳೆಗಾರರು ನಂಬುತ್ತಾರೆ. ಇಲ್ಲಿ ಕೆಲಸ ಮಾಡುವುದು ಯಾವುದು? ದೇವಿಯ ಮಹಿಮೆ ಎನ್ನುವುದು ಭಕ್ತರ ಉತ್ತರ. ಆ ಉತ್ತರವನ್ನು ಅವರಿಗೇ ಬಿಟ್ಟು, ಕಣ್ಣಿಗೆ ಕಾಣುವುದನ್ನಷ್ಟೇ ನೋಡೋಣ. ಬೋರ್ಡು ನೆಟ್ಟವನಿಗೆ ಒಂದು ಉದ್ದೇಶವಿದೆ. ಓದಿದವನಲ್ಲಿ ಒಂದು ಅಂಜಿಕೆ ಇದೆ. ಈ ಎರಡು ಮನಸ್ಸುಗಳ ನಡುವೆ ಬೋರ್ಡು ನಿಂತಿದೆ. ಓದಲು ಬಾರದ ಮಂಗಕ್ಕೆ, ಹಂದಿಗೆ ಆ ಬೋರ್ಡು ಅಡ್ಡಿಯಾಗದು. ಅವುಗಳಿಗೆ ಬೇಲಿಯೇ ಬೇಕು.

ಮಾಟದ ಗುಟ್ಟೆಲ್ಲ ಇರುವುದು ಈ ಸಣ್ಣ ವ್ಯತ್ಯಾಸದಲ್ಲೇ.

ಮಾಡಿದ್ದೋ, ಮಾಡಿಸಿದ್ದೋ?

'ಮಾಟ' ಎಂಬ ಮಾತು ಹುಟ್ಟಿದ್ದು 'ಮಾಡು' ಎಂಬ ಧಾತುವಿನಿಂದ. ಮನೆಯಲ್ಲಿ ಏನಾದರೂ ಕೆಟ್ಟದ್ದು ನಡೆದಾಗ ಹಳ್ಳಿಯಲ್ಲಿ ಕೇಳಿಬರುವ ಮಾತು, 'ಇದು ತಾನಾಗಿ ಆದದ್ದಲ್ಲ, ಯಾರೋ ಮಾಡಿಸಿದ್ದಾರೆ.' ಈ ಒಂದು ವಾಕ್ಯದಲ್ಲಿ ಇಡೀ ನಂಬಿಕೆ ಅಡಗಿದೆ. ಕೆಡುಕಿನ ಹಿಂದೆ ಒಬ್ಬ ಮನುಷ್ಯ, ಆ ಮನುಷ್ಯನ ಹಿಂದೆ ಒಂದು ಉದ್ದೇಶ ಇರಲೇಬೇಕು ಎಂಬುದು ಅದರ ತಿರುಳು.

ಜನಪದರು ಇದರಲ್ಲಿ ಸೂಕ್ಷ್ಮವಾದ ವರ್ಗಗಳನ್ನೂ ಮಾಡಿಕೊಂಡಿದ್ದಾರೆ. ಮಗುವಿಗೆ 'ದೃಷ್ಟಿ' ಆಗುವುದಕ್ಕೆ ಯಾರ ಉದ್ದೇಶವೂ ಬೇಕಿಲ್ಲ. ಪ್ರೀತಿಯಿಂದ ನೋಡಿದ ಅಜ್ಜಿಯ ಕಣ್ಣೇ ತಾಗಬಹುದು. ಅದಕ್ಕೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರೆ ಮುಗಿಯಿತು. ಯಾರ ಮೇಲೂ ಸಿಟ್ಟಿಲ್ಲ. ಹರಕೆಯಲ್ಲಿ ಉದ್ದೇಶವಿದೆ, ಆದರೆ ಅದು ತನ್ನ ಒಳಿತಿಗಾಗಿ. ಹುಯಿಲಿನಲ್ಲಿ, ಎಂದರೆ ತನಗಾದ ಅನ್ಯಾಯವನ್ನು ದೇವರ ಮುಂದೆ ದೂರಿಕೊಳ್ಳುವುದರಲ್ಲಿ, ನ್ಯಾಯ ಸಿಗಲಿ ಎಂಬ ಆಸೆಯಿದೆ. ಮಾಟದಲ್ಲಿ ಮಾತ್ರ ಇನ್ನೊಬ್ಬರಿಗೆ ಕೇಡಾಗಲಿ ಎಂಬ ಬಯಕೆ. ದೇವರು, ಮಂತ್ರ, ತೆಂಗಿನಕಾಯಿ, ನಿಂಬೆಹಣ್ಣು ಎಲ್ಲ ಒಂದೇ ಇದ್ದರೂ ಉದ್ದೇಶ ಬದಲಾದೊಡನೆ ಕ್ರಿಯೆಯ ಹೆಸರೇ ಬದಲಾಗುತ್ತದೆ.

ಇದು ಮಲೆನಾಡಿಗಷ್ಟೇ ಸೀಮಿತವಾದ ವಿಂಗಡಣೆಯಲ್ಲ. ಬ್ರಿಟನ್ನಿನ ಮಾನವಶಾಸ್ತ್ರಜ್ಞ ಇವಾನ್ಸ್ ಪ್ರಿಚರ್ಡ್ ಆಫ್ರಿಕಾದ ಅಜಾಂಡೆ ಜನರ ನಡುವೆ ಬದುಕಿ 1937ರಲ್ಲಿ ಪ್ರಕಟಿಸಿದ ಗ್ರಂಥ ಈ ವಿಷಯದಲ್ಲಿ ಇಂದಿಗೂ ಮೂಲಪಾಠ. ಅಜಾಂಡೆಗಳಲ್ಲೂ ಇಂಥದೇ ಎರಡು ವಿಧ. ಒಂದು, ಹುಟ್ಟಿನಿಂದಲೇ ಮೈಯೊಳಗಿರುವ ಕೆಟ್ಟ ಶಕ್ತಿ. ಅದು ತನ್ನಲ್ಲಿದೆ ಎಂಬುದು ಕೆಲವೊಮ್ಮೆ ಅದನ್ನು ಹೊತ್ತವನಿಗೇ ತಿಳಿದಿರುವುದಿಲ್ಲ. ಇನ್ನೊಂದು, ಬೇರು ನಾರು ಮಂತ್ರಗಳಿಂದ ಬೇಕೆಂದೇ ಮಾಡುವ ಮಾಟ.

ಅದೇ ಗ್ರಂಥದ ಕಣಜದ ಉದಾಹರಣೆ ಪ್ರಸಿದ್ಧವಾದುದು. ಬಿಸಿಲಿಗೆ ಹೆದರಿ ಜನ ಕಣಜದ ನೆರಳಲ್ಲಿ ಕುಳಿತಿರುತ್ತಾರೆ. ಕಣಜ ಕುಸಿದು ಅವರ ಮೇಲೆ ಬೀಳುತ್ತದೆ. ಕಂಬಕ್ಕೆ ಗೆದ್ದಲು ಹಿಡಿದಿತ್ತು ಎಂಬುದು ಅಜಾಂಡೆಗಳಿಗೂ ಗೊತ್ತು. ಅವರ ಪ್ರಶ್ನೆ ಬೇರೆ: ಇವರೇ ಕುಳಿತಿದ್ದಾಗ, ಇದೇ ಗಳಿಗೆಯಲ್ಲಿ ಏಕೆ ಬಿತ್ತು? 'ಹೇಗೆ' ಎಂಬುದಕ್ಕೆ ಗೆದ್ದಲು ಉತ್ತರವಾದರೆ 'ನಮಗೇ ಏಕೆ' ಎಂಬುದಕ್ಕೆ ಮಾಟ ಉತ್ತರವಾಗುತ್ತದೆ.

ಉಣುಗು ಕೊಟ್ಟ ಉತ್ತರ

ಮಲೆನಾಡಿಗೂ ಈ ಪ್ರಶ್ನೆ ಹೊಸದಲ್ಲ. 1950ರ ದಶಕದ ಕೊನೆಯಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಹಿಂದೆಯೇ ಸುತ್ತಲಿನ ಹಳ್ಳಿಗಳ ಜನರಿಗೆ ವಿಪರೀತ ಜ್ವರ ಬಂತು. ಕಾಡಿಗೆ ಹೋಗಿ ಬಂದ ಗಟ್ಟಿಮುಟ್ಟಾದ ಆಳು ಒಂದೆರಡು ವಾರದಲ್ಲಿ ಇಲ್ಲವಾದರೆ, ಪಕ್ಕದ ಮನೆಯವನಿಗೆ ಏನೂ ಆಗದಿದ್ದರೆ, 'ಇವನಿಗೇ ಏಕೆ' ಎಂದು ಯಾರಾದರೂ ಕೇಳಿಯಾರು. ವಿಜ್ಞಾನಿಗಳು ಕಾರಣ ಹುಡುಕಿ 1957ರಲ್ಲಿ ವೈರಸ್ಸನ್ನು ಪತ್ತೆ ಮಾಡಿದರು. ಅದನ್ನು ಹರಡುವುದು ಕಾಡಿನ ಉಣುಗು ಎಂಬುದು ಖಚಿತವಾಯಿತು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಈ ರೋಗಕ್ಕೆ ಕ್ಯಾಸನೂರಿನ ಹೆಸರೇ ನಿಂತಿದೆ. ನಮಗೆ ಅದು ಮಂಗನಕಾಯಿಲೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಮತ್ತೆ ಹಲವರ ಜೀವ ತೆಗೆಯಿತು.

ಇಲ್ಲಿ 'ಇವನಿಗೇ ಏಕೆ' ಎಂಬ ಪ್ರಶ್ನೆಗೂ ಉಣುಗೇ ಉತ್ತರ ಕೊಟ್ಟಿತು. ಸತ್ತ ಮಂಗದ ಸುತ್ತಲಿನ ನೆಲದಲ್ಲಿ ಸೋಂಕಿನ ಉಣುಗು ದಟ್ಟವಾಗಿರುತ್ತವೆ. ಅಲ್ಲಿ ದರಗು ಗುಡಿಸಿದವನಿಗೆ, ಸೌದೆ ತಂದವನಿಗೆ ಅವು ಹೆಚ್ಚು ಕಚ್ಚುತ್ತವೆ. ಉಣುಗಿಗೆ ದ್ವೇಷವಿಲ್ಲ, ಉದ್ದೇಶವೂ ಇಲ್ಲ. ಆದ್ದರಿಂದ ಅದನ್ನು ತಡೆಯಲು ಪ್ರತಿಮಾಟ ಬೇಕಿಲ್ಲ. ಕಾಡಿಗೆ ಹೋಗುವ ಮುನ್ನ ಮೈಗೆ ಹಚ್ಚಿಕೊಳ್ಳುವ ಎಣ್ಣೆ, ಬಂದ ಮೇಲೆ ಬಿಸಿನೀರಿನ ಸ್ನಾನ, ಮಂಗ ಸತ್ತರೆ ಆರೋಗ್ಯ ಇಲಾಖೆಗೆ ಸುದ್ದಿ, ಇವು ಬೇಕು. ಕೇಡಿಗೆಲ್ಲ ಒಬ್ಬ ಕೇಡಿಗ ಇರಲೇಬೇಕು ಎಂಬ ಲೆಕ್ಕಾಚಾರ ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಪಾಠ ಬೇಕೆ?

ಪಶ್ಚಿಮದ ಹೊಸ ಮಾಟಗಾರರು

ಮಾಟ ಎಂದರೆ ಹಿಂದುಳಿದ ಹಳ್ಳಿಗಳ ಸಂಗತಿ ಎಂದು ಪೇಟೆಯವರು ತಿಳಿಯುವುದುಂಟು. ಹಾಗೇನಿಲ್ಲ. ಬ್ರಿಟನ್ನಿನಲ್ಲಿ 1735ರ ಮಾಟ ಕಾಯಿದೆ ರದ್ದಾದದ್ದು 1951ರಲ್ಲಿ. ಮೂರೇ ವರ್ಷಕ್ಕೆ, 1954ರಲ್ಲಿ, ಜೆರಾಲ್ಡ್ ಗಾರ್ಡ್‌ನರ್ ಎಂಬ ನಿವೃತ್ತ ಅಧಿಕಾರಿ ಆಧುನಿಕ ಮಾಟದ ಬಗ್ಗೆ ಪುಸ್ತಕ ಪ್ರಕಟಿಸಿದ. ಅಲ್ಲಿಂದ ಬೆಳೆದ 'ವಿಕ್ಕಾ' ಪಂಥಕ್ಕೆ ಇಂದು ಅಮೆರಿಕ, ಯುರೋಪುಗಳಲ್ಲಿ ಓದಿದ, ಉದ್ಯೋಗದಲ್ಲಿರುವ ಅನುಯಾಯಿಗಳಿದ್ದಾರೆ.

ಇವರಲ್ಲಿ ಅನೇಕರ ಪ್ರಕಾರ ಮೋಂಬತ್ತಿ, ಗಿಡಮೂಲಿಕೆ, ವೃತ್ತ ಎಲ್ಲ ನೆಪ ಮಾತ್ರ. ನಿಜವಾದ ಬಲ ಮಾಡುವವನ ಸಂಕಲ್ಪದಲ್ಲಿದೆ. ಏನು ಬೇಕು ಎಂಬುದನ್ನು ಮೊದಲು ಸ್ಪಷ್ಟವಾಗಿ ಮನಸ್ಸಿನಲ್ಲಿ ರೂಪಿಸಿಕೊಳ್ಳಬೇಕು. ಯಾರಿಗೂ ಕೇಡು ಬಗೆಯಕೂಡದು. ಬಗೆದದ್ದು ಮೂರು ಪಟ್ಟಾಗಿ ಬಗೆದವನಿಗೇ ಮರಳುತ್ತದೆ ಎಂದು ಅವರಲ್ಲಿ ಹಲವರು ನಂಬುತ್ತಾರೆ. 'ಮಾಡಿದ್ದುಣ್ಣೋ ಮಹಾರಾಯ' ಎಂಬ ಗಾದೆ ಕೇಳಿ ಬೆಳೆದ ಕನ್ನಡಿಗನಿಗೆ ಇದರಲ್ಲಿ ಹೊಸತೇನೂ ಕಾಣಿಸದು.

ನೀತಿಯ ಮಾತಾಗಿ ಇದು ಒಳ್ಳೆಯದೇ. ಆದರೆ ಪ್ರಶ್ನೆ ಇನ್ನೂ ಹಾಗೆಯೇ ಉಳಿಯಿತು. ಒಬ್ಬನ ಸಂಕಲ್ಪ ಇನ್ನೊಬ್ಬನ ಮೈಯನ್ನು ದೂರದಿಂದ ತಟ್ಟಬಲ್ಲದೆ?

ಪರೀಕ್ಷೆಗೆ ಕುಳಿತ ಸಂಕಲ್ಪ

ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಅಮೆರಿಕದ 6 ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1802 ರೋಗಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ರೋಗಿಗಳನ್ನು ಮೂರು ಗುಂಪು ಮಾಡಲಾಗಿತ್ತು. ಮೊದಲ ಗುಂಪಿನವರಿಗಾಗಿ ದೂರದಲ್ಲಿ ಭಕ್ತರು ಪ್ರಾರ್ಥಿಸಿದರು. ಎರಡನೆಯ ಗುಂಪಿಗೆ ಪ್ರಾರ್ಥನೆ ಇರಲಿಲ್ಲ. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೇ ಇಲ್ಲವೇ ಎಂಬುದು ಈ ಎರಡು ಗುಂಪಿನವರಿಗೂ ತಿಳಿದಿರಲಿಲ್ಲ. ಮೂರನೆಯ ಗುಂಪಿಗೆ ಪ್ರಾರ್ಥನೆಯೂ ಇತ್ತು, ಅದು ನಡೆಯುತ್ತಿರುವುದು ಅವರಿಗೆ ತಿಳಿದೂ ಇತ್ತು.

ಫಲ? ಮೊದಲ ಗುಂಪಿನಲ್ಲಿ ಶೇ. 52, ಎರಡನೆಯದರಲ್ಲಿ ಶೇ. 51 ಮಂದಿಗೆ ಶಸ್ತ್ರಚಿಕಿತ್ಸೆಯ ನಂತರದ ತೊಂದರೆಗಳು ಕಾಣಿಸಿದವು. ಎಂದರೆ ವ್ಯತ್ಯಾಸವೇ ಇಲ್ಲ. ಪ್ರಾರ್ಥನೆಯ ವಿಷಯ ಗೊತ್ತಿದ್ದವರಲ್ಲಿ ಮಾತ್ರ ಆ ಪ್ರಮಾಣ ಶೇ. 59ಕ್ಕೆ ಏರಿತ್ತು. ಇದು ಕೇವಲ ಆಕಸ್ಮಿಕವೂ ಇರಬಹುದು. 'ನನಗಾಗಿ ಪ್ರಾರ್ಥಿಸಬೇಕಾದಷ್ಟು ಕೆಟ್ಟಿದೆಯೇ ನನ್ನ ಸ್ಥಿತಿ' ಎಂಬ ಆತಂಕವೂ ಇರಬಹುದು. ಅದೇನೇ ಇರಲಿ, ತಿಳಿಯದವರ ಮೈಯನ್ನು ಶುಭಸಂಕಲ್ಪ ತಟ್ಟಲಿಲ್ಲ.

ಅಶುಭ ಸಂಕಲ್ಪದ ಪರೀಕ್ಷೆಯೂ ನಮ್ಮ ದೇಶದಲ್ಲೇ ಆಯಿತು, ಅದೂ ಟಿ.ವಿ. ಪರದೆಯ ಮೇಲೆ. 2008ರ ಮಾರ್ಚ್ ತಿಂಗಳಲ್ಲಿ ತಾಂತ್ರಿಕನೊಬ್ಬ ಮಂತ್ರಬಲದಿಂದ ಮನುಷ್ಯನನ್ನು ಕೊಲ್ಲಬಲ್ಲೆ ಎಂದ. ವಿಚಾರವಾದಿ ಸನಲ್ ಎಡಮರುಕು, 'ನನ್ನ ಮೇಲೇ ಪ್ರಯೋಗಿಸಿ' ಎಂದು ಕುಳಿತರು. ಗಂಟೆಗಟ್ಟಲೆ ಮಂತ್ರ, ನೀರು ಎರಚಾಟ, ರಾತ್ರಿಯ ಹೋಮ ಎಲ್ಲವೂ ನೇರ ಪ್ರಸಾರವಾದವು. ಎಡಮರುಕು ನಗುತ್ತಲೇ ಎದ್ದರು. ನಿಮ್ಮನ್ನು ಯಾವುದೋ ಬಲವಾದ ದೇವರು ಕಾಯುತ್ತಿರಬೇಕು ಎಂಬುದು ತಾಂತ್ರಿಕನ ಸಮಜಾಯಿಷಿ. ತಾನು ನಾಸ್ತಿಕ ಎಂಬುದು ಎಡಮರುಕು ಅವರ ಉತ್ತರ.

ಅಂದು ಮಂತ್ರವಿತ್ತು, ತಂತ್ರವಿತ್ತು, ಕೊಲ್ಲುವ ಉದ್ದೇಶ ದೇಶಕ್ಕೆಲ್ಲ ಕಾಣುವಂತಿತ್ತು. ಇರದಿದ್ದದ್ದು ಒಂದೇ: ಕುಳಿತವನ ಎದೆಯಲ್ಲಿ ಭಯ.

ಭಯವಿದ್ದರೆ ಕಥೆ ಬೇರೆಯಾಗುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1942ರಲ್ಲಿ ಒಂದು ಲೇಖನ ಬರೆದರು. ತನಗೆ ಮಾಟವಾಗಿದೆ ಎಂದು ನಂಬಿದ ಮನುಷ್ಯ ಅನ್ನ ನೀರು ಬಿಟ್ಟು, ನೆಂಟರಿಷ್ಟರೂ ಅವನನ್ನು ಸತ್ತವನಂತೆಯೇ ಕಾಣತೊಡಗಿ, ಕೊನೆಗೆ ನಿಜವಾಗಿಯೂ ಸತ್ತ ವರದಿಗಳನ್ನು ಅವರು ಕಲೆಹಾಕಿದ್ದರು. ಅತಿಯಾದ ಭಯ ನರಮಂಡಲವನ್ನು ಕೆರಳಿಸಿ ರಕ್ತಪರಿಚಲನೆಯನ್ನೇ ಕುಗ್ಗಿಸಬಲ್ಲದು ಎಂಬುದು ಅವರ ವಿವರಣೆ. ಅವು ಬೇರೆಯವರು ಕಂಡು ಹೇಳಿದ ಪ್ರಕರಣಗಳಾದ್ದರಿಂದ ವಿವರಗಳ ಬಗ್ಗೆ ಚರ್ಚೆ ನಡೆದಿದೆ. ಆದರೆ ಭಯಕ್ಕೆ ಮೈಯನ್ನು ಕೆಡಿಸುವ ಶಕ್ತಿಯಿದೆ ಎಂಬುದರಲ್ಲಿ ವೈದ್ಯರಿಗೆ ಸಂಶಯವಿಲ್ಲ. ಔಷಧ ಪರೀಕ್ಷೆಗಳಲ್ಲಿ ಬರಿಯ ಸಕ್ಕರೆ ಗುಳಿಗೆ ನುಂಗಿದವರಿಗೂ, 'ಇದರಿಂದ ತಲೆನೋವು ಬರಬಹುದು' ಎಂದು ಹೇಳಿದ್ದರೆ, ತಲೆನೋವು ಬರುವುದುಂಟು.

ಹೊಸ್ತಿಲಿನಲ್ಲಿ ಸಿಕ್ಕ ನಿಂಬೆಹಣ್ಣು, ಕುಂಕುಮ, ಮೊಳೆ ಹೊಡೆದ ಗೊಂಬೆ ಏಕೆ 'ಕೆಲಸ' ಮಾಡುತ್ತವೆ ಎಂಬುದು ಇದರಿಂದ ತಿಳಿಯುತ್ತದೆ. ಅವು ಕಾಣುವಂತೆಯೇ ಬಿದ್ದಿರುತ್ತವೆ. ಕಾಣದ ಮಾಟ, ತಿಳಿಯದ ಮಾಟ ಯಾರನ್ನೂ ನಡುಗಿಸುವುದಿಲ್ಲ. ಇಟ್ಟವನ ದ್ವೇಷ ಹೊಸ್ತಿಲವರೆಗೆ ಮಾತ್ರ ಬರಬಲ್ಲದು. ಅಲ್ಲಿಂದ ಅದನ್ನು ಒಳಗೆ ಹೊತ್ತು ತರುವವರು ಮನೆಯವರೇ.

ಬಿಲ್ಲು ಕಟ್ಟುವವರು ಯಾರು?

ಮಾಟದ ಭಯ ಬರಿಯ ಭಯವಾಗಿ ಉಳಿದಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಅದರ ಬಿಲ್ಲನ್ನು ಕಟ್ಟುವವರು ಬಹಳ ಸಲ ಮನೆಯ ಮಕ್ಕಳು.

ಚೆನ್ನಾಗಿ ಓದುತ್ತಿದ್ದ ಹುಡುಗ ಪಿ.ಯು.ಸಿ.ಯಲ್ಲಿ ಇದ್ದಕ್ಕಿದ್ದಂತೆ ಮಂಕಾಗುತ್ತಾನೆ. ರಾತ್ರಿ ನಿದ್ದೆಯಿಲ್ಲ, ಯಾರೋ ತನ್ನ ಬಗ್ಗೆ ಮಾತಾಡುತ್ತಿದ್ದಾರೆ ಎನ್ನುತ್ತಾನೆ, ಪುಸ್ತಕ ಮುಟ್ಟುವುದಿಲ್ಲ. ಹುಡುಗಿಯೊಬ್ಬಳು ತರಗತಿಯಲ್ಲಿ ಕೈಕಾಲು ಸೆಟೆದು ಬೀಳುತ್ತಾಳೆ. ಆಸ್ತಿ ಪಾಲಾದಾಗಿನಿಂದ ಮಾತು ಬಿಟ್ಟ ದಾಯಾದಿಗಳ ನೆನಪು ಆಗ ಬರುತ್ತದೆ. ನಿಮಿತ್ತ ನೋಡಿಸುವುದು, ಅಂಜನ ಹಾಕಿಸುವುದು, ತಾಯಿತ ಕಟ್ಟಿಸುವುದು ಒಂದರ ಹಿಂದೊಂದು ನಡೆಯುತ್ತವೆ. ಹಣ ಹೋಗುತ್ತದೆ, ನೆಂಟಸ್ತನ ಹೋಗುತ್ತದೆ. ಎಲ್ಲಕ್ಕಿಂತ ದೊಡ್ಡ ನಷ್ಟವೆಂದರೆ ಕಾಲ. ತೀವ್ರ ಸ್ವರೂಪದ ಮಾನಸಿಕ ಕಾಯಿಲೆಗಳು ಹೆಚ್ಚಾಗಿ ತಲೆದೋರುವುದು ಹದಿಹರೆಯದ ಕೊನೆಯಲ್ಲಿ ಮತ್ತು ಇಪ್ಪತ್ತರ ಆಸುಪಾಸಿನಲ್ಲಿ. ಬೇಗ ಚಿಕಿತ್ಸೆ ದೊರೆತಷ್ಟೂ ಗುಣ ಹೆಚ್ಚು. ಮೂರ್ಛೆರೋಗದಲ್ಲಂತೂ ಸರಿಯಾದ ಔಷಧ ಸಿಕ್ಕರೆ ಶೇ. 70ರಷ್ಟು ಜನ ಸೆಳೆತವಿಲ್ಲದೆ ಬದುಕಬಲ್ಲರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ಗೇ ಓಡಬೇಕೆಂದಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. 2022ರಲ್ಲಿ ಆರಂಭವಾದ 'ಟೆಲಿ ಮಾನಸ್' ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಅದಕ್ಕೆ ಶುಲ್ಕವಿಲ್ಲ. ಮನೆದೇವರಿಗೆ ಕಾಯಿ ಒಡೆಸಿದರೆ ವೈದ್ಯರೇನೂ ಆಕ್ಷೇಪಿಸುವುದಿಲ್ಲ. ಕಾಯಿ ಒಡೆಸಿದ್ದರಿಂದ ವೈದ್ಯರು ಬೇಡ ಎಂದು ತೀರ್ಮಾನಿಸುವುದೇ ಅಪಾಯ.

ಪ್ರಶ್ನಿಸಿದವರು, ಕಾನೂನು ಮಾಡಿದವರು

ಈ ಸೀಮೆಯಲ್ಲೇ, ತೀರ್ಥಹಳ್ಳಿ ತಾಲ್ಲೂಕಿನಲ್ಲೇ, ಬೆಳೆದ ಕುವೆಂಪು ಭೂತದ ಬನ, ಹರಕೆ, ಜೋಯಿಸರ ಮಾತಿಗೆ ತಲೆಬಾಗಿದ ಮನೆಗಳ ಬದುಕನ್ನು 'ಕಾನೂರು ಹೆಗ್ಗಡಿತಿ'ಯಲ್ಲಿ ಚಿತ್ರಿಸಿದರು. ಯುವಕರಿಗೆ ವಿಚಾರಕ್ರಾಂತಿಯ ಕರೆ ಕೊಟ್ಟರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯ 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿಯನ್ನೇ ರಚಿಸಿದರು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ ಎಂಬ ಮಾತು 42ನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ್ದೂ ಅದೇ 1976ರಲ್ಲಿ.

ಕರ್ನಾಟಕದ ವಿಧಾನಮಂಡಲ 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆಗೆ ವಿಧೇಯಕ ಅಂಗೀಕರಿಸಿತು; ಕಾಯಿದೆ ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ನಿಧಿಯ ಆಸೆಗೆ ವಾಮಾಚಾರ ನಡೆಸುವುದು ಇದರಲ್ಲಿ ಅಪರಾಧ. 1ರಿಂದ 7 ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಅದೇ ಕಾಯಿದೆ ಮನೆ, ಗುಡಿಗಳಲ್ಲಿ ನಡೆಯುವ ಪೂಜೆ, ಯಾತ್ರೆ, ಭಜನೆ, ಹರಿಕಥೆ, ಜ್ಯೋತಿಷ್ಯದ ಸಲಹೆಗಳನ್ನು ಹೊರಗಿಟ್ಟಿದೆ. ಮನಸ್ಸಿನೊಳಗಿನ ನಂಬಿಕೆಗೆ ಶಿಕ್ಷೆಯಿಲ್ಲ. ಅದು ಇನ್ನೊಬ್ಬರ ಮೈಗೆ, ಮಾನಕ್ಕೆ ಕೈ ಹಾಕಿದಾಗ ಮಾತ್ರ ಕಾನೂನು ಎದ್ದು ನಿಲ್ಲುತ್ತದೆ.

ದೈವಕೋಪದ ಹೆದರಿಕೆ ಹುಟ್ಟಿಸಿ, ಮಾಡಬೇಕಿಲ್ಲದ್ದನ್ನು ಮಾಡಿಸುವುದೂ, ಮಾಡುವ ಹಕ್ಕಿರುವುದನ್ನು ತಪ್ಪಿಸುವುದೂ ಅಪರಾಧ. ಹಳೆಯ ದಂಡ ಸಂಹಿತೆಯ 508ನೆಯ ಕಲಮಿನಲ್ಲಿದ್ದ ಈ ಮಾತು 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 354ನೆಯ ಕಲಮಿನಲ್ಲಿದೆ. ತೋಟದ ಬೋರ್ಡಿನ ಕಥೆಯೇನು? ಕದಿಯುವುದು ಯಾರ ಹಕ್ಕೂ ಅಲ್ಲವಲ್ಲ! ಆದರೆ ಅದೇ ದೇವಿಯ ಹೆಸರು ಹೇಳಿ ನ್ಯಾಯವಾಗಿ ಬರಬೇಕಾದ ಪಾಲು ಕೇಳದಂತೆ ತಮ್ಮನನ್ನು ಹೆದರಿಸಿದರೆ ಅದರ ಬಣ್ಣವೇ ಬೇರೆ. ಇಲ್ಲಿಯೂ ಅಳತೆಗೋಲು ಉದ್ದೇಶವೇ.

ವಿದ್ಯಾರ್ಥಿಗಳ ಸಂಕಲ್ಪ

ಹಾಗಾದರೆ ಸಂಕಲ್ಪಕ್ಕೆ ಬೆಲೆಯೇ ಇಲ್ಲವೆ? ಇದೆ. ಅದು ಇನ್ನೊಬ್ಬರ ಮೇಲೆ ನಡೆಯದಿದ್ದರೂ ಮಾಡಿಕೊಂಡವರ ಮೇಲೆ ಚೆನ್ನಾಗಿ ನಡೆಯುತ್ತದೆ.

ಪೂಜೆಗೆ ಕುಳಿತಾಗ ಪುರೋಹಿತರು ಹೇಳಿಸುವ ಸಂಕಲ್ಪವನ್ನು ಗಮನಿಸಿದ್ದೀರಾ? ಯಾವ ದೇಶ, ಯಾವ ಕಾಲ, ಯಾವ ತಿಥಿ, ಮಾಡುವವರು ಯಾರು, ಏತಕ್ಕಾಗಿ ಎಂಬುದೆಲ್ಲ ಅದರಲ್ಲಿ ಬರುತ್ತದೆ. 'ಒಳ್ಳೆಯದಾಗಲಿ' ಎಂದಷ್ಟೇ ಹೇಳಿ ಯಾರೂ ಎದ್ದುಹೋಗುವುದಿಲ್ಲ.

ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಸರ್ ತಮ್ಮ ಸಹೋದ್ಯೋಗಿಯೊಡನೆ 1997ರಲ್ಲಿ ಪ್ರಕಟಿಸಿದ ಪ್ರಯೋಗಕ್ಕೂ ಇದಕ್ಕೂ ಹೋಲಿಕೆ ಕಾಣುತ್ತದೆ. ಕ್ರಿಸ್‌ಮಸ್ ಹಬ್ಬವನ್ನು ಹೇಗೆ ಕಳೆದಿರೆಂದು ವರದಿ ಬರೆದು 48 ಗಂಟೆಯೊಳಗೆ ಕಳುಹಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಲಾಯಿತು. ಅರ್ಧದಷ್ಟು ಮಂದಿಯಿಂದ, ಯಾವ ಹೊತ್ತಿಗೆ, ಎಲ್ಲಿ ಕುಳಿತು ಬರೆಯುತ್ತೀರಿ ಎಂಬುದನ್ನು ಮೊದಲೇ ಬರೆಸಿಕೊಳ್ಳಲಾಗಿತ್ತು. ಹಾಗೆ ಬರೆದುಕೊಟ್ಟವರಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಮಂದಿ ಸಕಾಲಕ್ಕೆ ವರದಿ ಬರೆದರು. ಬರೆಯುತ್ತೇವೆ ಎಂದಷ್ಟೇ ಅಂದುಕೊಂಡವರಲ್ಲಿ ಬರೆದವರು ಸುಮಾರು ಮೂರರಲ್ಲಿ ಒಂದು ಪಾಲು.

ಪರೀಕ್ಷೆ ಹತ್ತಿರ ಬಂದಾಗ ಹರಕೆ ಹೊರುವ ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು. 'ಗಣಿತದಲ್ಲಿ ಪಾಸಾಗಬೇಕು' ಎಂಬುದು ಆಸೆ. 'ನಾಳೆ ಬೆಳಿಗ್ಗೆ ಕಾಫಿ ಕುಡಿದೊಡನೆ ಜಗಲಿಯ ಮೇಜಿನಲ್ಲಿ ಕುಳಿತು ಎರಡನೆಯ ಅಧ್ಯಾಯದ ಲೆಕ್ಕ ಬಿಡಿಸುತ್ತೇನೆ' ಎಂಬುದು ಸಂಕಲ್ಪ. ಮೊದಲನೆಯದು ದೇವರ ಕಡೆ ನೋಡುತ್ತದೆ, ಎರಡನೆಯದು ಗಡಿಯಾರದ ಕಡೆ. ಎರಡೂ ಇದ್ದರೆ ತಪ್ಪಿಲ್ಲ. ಎರಡನೆಯದು ಇಲ್ಲದಿದ್ದರೆ ಅಂಕವೂ ಇಲ್ಲ.

ಪೋಷಕರಿಗೂ ಒಂದು ಮಾತು. ಫಲಿತಾಂಶ ಕೆಟ್ಟಾಗ 'ಯಾರ ಕಣ್ಣು ಬಿತ್ತೋ, ಯಾರು ಏನು ಮಾಡಿಸಿದರೋ' ಎಂದು ಮಕ್ಕಳೆದುರು ಆಡುವ ಮಾತು ಅವರಿಗೆ ಎರಡು ಪಾಠ ಕಲಿಸುತ್ತದೆ: ನೆರೆಯವರನ್ನು ಅನುಮಾನಿಸು, ನಿನ್ನ ಪ್ರಯತ್ನ ಲೆಕ್ಕಕ್ಕಿಲ್ಲ. ಇವೆರಡೂ ಯಾವ ಮಾಟಕ್ಕಿಂತಲೂ ಹೆಚ್ಚು ಕೆಡಿಸುತ್ತವೆ. ಅದರ ಬದಲು ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು 'ಏನು ಕಷ್ಟ ಆಗ್ತಾ ಇದೆ, ಹೇಳು' ಎಂದು ಕೇಳಿ, ಪೂರ್ತಿ ಉತ್ತರ ಬರುವವರೆಗೆ ಸುಮ್ಮನೆ ಕೇಳಿಸಿಕೊಂಡರೆ, ಅರ್ಧ ಭಯ ಅಲ್ಲೇ ಇಳಿಯುತ್ತದೆ. ಉಳಿದರ್ಧಕ್ಕೆ ಮೇಷ್ಟ್ರಿದ್ದಾರೆ, ವೈದ್ಯರಿದ್ದಾರೆ.